ಮನೋವೈದ್ಯದಲ್ಲಿ ಸಂಶೋಧನಾ ಶಿಕ್ಷಣ

ರೋಗಿಯನ್ನು ಗುಣಪಡಿಸುವುದು ಒಂದು ವಿದ್ಯೆ. ರೋಗವು ಯಾರಲ್ಲಿ, ಏಕೆ, ಎಷ್ಟರಮಟ್ಟಿಗೆ ಇದೆಯೆಂದು ಕಂಡುಕೊಳ್ಳುವುದು ಮತ್ತೊಂದು. ತರುಣ ಮನೋವೈದ್ಯರಿಗೆ ಈ ಎರಡನೆಯದನ್ನು ಹೇಗೆ ಕಲಿಸಬೇಕೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1954ರಲ್ಲಿ ಸ್ಥಾಪಿತವಾಯಿತು. 1974ರಲ್ಲಿ ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ರೂಪುಗೊಂಡಿತು. ಚಿಕಿತ್ಸೆ, ಬೋಧನೆ, ಸಂಶೋಧನೆಗಳು ಒಂದೇ ಆವರಣದಲ್ಲಿ ಸೇರಿದವು. ಎಂ.ಡಿ. ಪದವಿಗೆ ಪ್ರಬಂಧವು ಕಡ್ಡಾಯ. ಆದರೆ ವಾರ್ಡಿನ ಕೆಲಸದ ಒತ್ತಡದಲ್ಲಿ ಅದು ಹೇಗಾದರೂ ತೀರಿಸಬೇಕಾದ ಋಣವಾಗಿಬಿಡುವ ಅಪಾಯವುಂಟು.

ಈ ವಿಷಯದಲ್ಲಿ ಕೋಟದ ಅಧ್ಯಯನವು ಮಾರ್ಗದರ್ಶಕವಾಗಿದೆ. ಕರಾವಳಿಯ ಆ ಗ್ರಾಮದ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳನ್ನು ಪರಿಶೀಲಿಸಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಪರದೇಶದ ಪ್ರಶ್ನಾವಳಿಯನ್ನು ಹಾಗೆಯೇ ಅನ್ವಯಿಸದೆ, ಇಲ್ಲಿಯ ಜನರು ತಮ್ಮ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ಒಪ್ಪುವ ಪ್ರಶ್ನಾವಳಿಯನ್ನು ರೂಪಿಸಿದರು. ನಾಟಿವೈದ್ಯ, ಮಂತ್ರವಾದಿ, ಪಾತ್ರಿಗಳ ಕುರಿತೂ ವಿಚಾರಿಸಿದರು.

ಚರಿತ್ರೆಯ ಅಭ್ಯಾಸಿಗಳಾದ ನಮಗೆ ಈ ಕ್ರಮವು ಪರಿಚಿತವೇ: ಆಧಾರವು ಹುಟ್ಟಿದ ಬಗೆಯನ್ನರಿಯದೆ ಎಣಿಕೆಯನ್ನು ನಂಬಲಾಗದು. ಆದುದರಿಂದ ತರುಣ ವೈದ್ಯರು ಸಂಖ್ಯಾಶಾಸ್ತ್ರಕ್ಕೆ ಮುನ್ನ ಪ್ರಶ್ನೆ ಕೇಳುವುದನ್ನು ಕಲಿಯಬೇಕು. ಇದಕ್ಕೆ ಅನುಭವಿ ಮಾರ್ಗದರ್ಶಕರೂ ಕರ್ತವ್ಯದ ಅವಧಿಯಲ್ಲಿಯೇ ಮೀಸಲಾದ ಸಮಯವೂ ಅಗತ್ಯ. ಇವಿಲ್ಲದಿದ್ದರೆ ರೋಗಿಯು ಹೇಳಿಕೊಂಡ ಸಂಕಟವು ಕಡತದಲ್ಲಿಯೇ ಉಳಿದು, ಮುಂದಿನ ರೋಗಿಗೆ ನೆರವಾಗಲಾರದು.