ನೆತ್ತಿಯ ಮೇಲಿನ ರೋಹಿಣಿ

ಕಳೆದ ಮಾಘಮಾಸದ ಒಂದು ಇರುಳು ಮಾಸೂರಿನ ಬಳಿಯ ಮದಗದ ಕೆರೆಯ ಏರಿಯ ಮೇಲೆ ನಿಂತಿದ್ದೆ. ಜೊತೆಗೆ ಬಂದಿದ್ದ ಶಾಲಾಬಾಲಕನನ್ನು, “ನಿನ್ನ ರಾಶಿ ಯಾವುದಪ್ಪಾ?” ಎಂದು ಕೇಳಿದೆ.

“ವೃಷಭ ರಾಶಿ, ರೋಹಿಣಿ ನಕ್ಷತ್ರರೀ.”

“ಎಲ್ಲಿದೆ, ತೋರಿಸು.”

“ಜಾತಕದಾಗ ಐತ್ರಿ!”

ರೋಹಿಣಿಯಾದರೋ ಆಗ ಅವನ ನೆತ್ತಿಯ ಮೇಲೆಯೇ ಕೆಂಪಗೆ ಬೆಳಗುತ್ತಿತ್ತು. ನಾನು ನಗಲಿಲ್ಲ. ಅವನ ವಯಸ್ಸಿನಲ್ಲಿ ನನ್ನ ಅರಿವೂ ಅಷ್ಟೇ ಇದ್ದಿತು.

ಆಕಾಶದಲ್ಲಿ ಸೂರ್ಯನು ವರ್ಷವಿಡೀ ನಡೆಯುವಂತೆ ತೋರುವ ಹಾದಿಯೇ ಕ್ರಾಂತಿವೃತ್ತ. ಅದನ್ನು ಹನ್ನೆರಡಾಗಿ ಪಾಲುಮಾಡಿದರೆ ರಾಶಿಗಳು. ಇಪ್ಪತ್ತೇಳಾಗಿ ಪಾಲುಮಾಡಿದರೆ ನಕ್ಷತ್ರಗಳು. ರಾಶಿಯೊಂದಕ್ಕೆ ಎರಡೂಕಾಲು ನಕ್ಷತ್ರ. ವೃಷಭದ ಕಣ್ಣಿನಂತಿರುವ ರೋಹಿಣಿಯು ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ದಕ್ಷನ ಇಪ್ಪತ್ತೇಳು ಪುತ್ರಿಯರನ್ನು ವರಿಸಿದ ಚಂದ್ರನು ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾಗಿ, ಮಾವನ ಶಾಪದಿಂದ ಕ್ಷಯಿಸಿದನೆಂದು ಪುರಾಣ ಹೇಳುತ್ತದೆ. ಕೆಲವು ವರ್ಷಗಳಲ್ಲಿ ಚಂದ್ರಬಿಂಬವು ತಿಂಗಳು ತಿಂಗಳೂ ಈ ತಾರೆಯನ್ನು ಮರೆಮಾಡುತ್ತ ಹಾಯುವುದುಂಟು. ಅದನ್ನು ಬಲ್ಲವರಿಗೆ ಈ ಕಥೆ ಬರಿಯ ಕಲ್ಪನೆಯೆನಿಸದು.

ನಮ್ಮ ರೈತರಿಗೆ ರೋಹಿಣಿಯೆಂದರೆ ಮಳೆ. ಮೇ ತಿಂಗಳ ಕೊನೆಯ ವಾರ ಸೂರ್ಯನು ಆ ನಕ್ಷತ್ರವನ್ನು ಸೇರಿದೊಡನೆ ರೋಹಿಣಿ ಮಳೆಯ ಎಣಿಕೆ ಮೊದಲಾಗುತ್ತದೆ. ವಿಚಿತ್ರವೆಂದರೆ, ಆ ದಿನಗಳಲ್ಲಿ ರೋಹಿಣಿಯು ಸೂರ್ಯನ ಬೆಳಕಿನಲ್ಲಿ ಅಡಗಿ ಕಣ್ಣಿಗೇ ಬೀಳದು.

ಮಳೆಗೂ ತಾರೆಗೂ ಇರುವ ಈ ನಂಟು ಶಾಶ್ವತವಲ್ಲ. ಭೂಮಿಯ ಅಕ್ಷವು ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಮುಗಿಸುತ್ತದೆ. ಆದಕಾರಣ ನಕ್ಷತ್ರಗಳನ್ನು ನೆಚ್ಚಿದ ನಮ್ಮ ಪಂಚಾಂಗವು ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಋತುವಿಗಿಂತ ಹಿಂದುಳಿಯುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಕಾಲದಲ್ಲಿ ಸೂರ್ಯನು ಉತ್ತರಕ್ಕೆ ತಿರುಗುತ್ತಿದ್ದುದು ಮಕರದ ಆರಂಭದಲ್ಲಿ. ಇಂದು ತಿರುಗುವುದು ಡಿಸೆಂಬರ್ 21–22ರ ವೇಳೆಗೆ. ಮಕರ ಸಂಕ್ರಮಣವೋ ಜನವರಿ 14–15ಕ್ಕೆ! ರೋಹಿಣಿ ಮಳೆಯ ದಿನವೂ ಅಂದಿಗಿಂತ ಮೂರು ವಾರ ಮುಂದಕ್ಕೆ ಸರಿದಿದೆ. ಇದು ಹೀಗೆಯೇ ಸಾಗಿದರೆ ಎಂದೋ ಒಂದು ದಿನ ಬಿತ್ತುವ ಹದ ಕಳೆದ ಮೇಲೆ ರೋಹಿಣಿ ಬಂದಾಳು.

ಪೂರ್ವಶಾಸ್ತ್ರಗಳು ಉತ್ತರಾಯಣವನ್ನು ಧನಿಷ್ಠೆಯ ಆದಿಯಲ್ಲಿ ಹೇಳಿದ್ದುದು ವರಾಹಮಿಹಿರನಿಗೆ ತಿಳಿದಿತ್ತು. ಆದರೂ ಆತನು ಗ್ರಂಥವನ್ನೇ ನಂಬಿ ಕೂರಲಿಲ್ಲ. ಉದಯಾಸ್ತಗಳನ್ನು ದೂರದ ಗುರುತಿಗೆ ಹೋಲಿಸಿ ನೋಡಿರಿ, ನೆರಳನ್ನು ಅಳೆಯಿರಿ ಎಂದನು.

ನಾನು ಬೆರಳೆತ್ತಿ ತೋರಿಸಿದೆ. ಹುಡುಗ ಬಹಳ ಹೊತ್ತು ಕತ್ತೆತ್ತಿ ನೋಡಿದ. ಆಮೇಲೆ ಕೇಳಿದ: “ನಾಳೆ ಸಾಲಿ ಅಂಗಳದಾಗ ಒಂದು ಕೋಲು ನೆಡಲೇನ್ರಿ?”