ಮೈಲುತುತ್ತದ ನೀಲಿಯೂ ಪರಮಾಣುವಿನ ಬಳೆಗಳೂ

ಕೊಡಗಿನ ಉತ್ತರದಂಚಿನ ಕೊಡ್ಲಿಪೇಟೆಯ ಸುತ್ತಣ ತೋಟದವರಿಗೆ ಮೈಲುತುತ್ತ ಹೊಸತಲ್ಲ. ಅದನ್ನು ಒಂದು ಪಾತ್ರೆಯಲ್ಲಿ ಕರಗಿಸಿ, ಸುಣ್ಣವನ್ನು ಇನ್ನೊಂದರಲ್ಲಿ ಕದಡಿ, ಎರಡನ್ನೂ ಕೂಡಿಸಿದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಹಾಕಿದರೆ ಶೇಕಡಾ 1ರ ಪಾಕ. ಕಾಫಿಗೂ ಮೆಣಸಿನ ಬಳ್ಳಿಗೂ ರೋಗ ತಗಲದಂತೆ ಇದನ್ನು ಸಿಂಪಡಿಸುವುದು ವಾಡಿಕೆ. ಇಂಥ ಮನೆಯ ಮಕ್ಕಳೇ ಸಂಜೆ ಕೈವಾರ ಹಿಡಿದು ಪರಮಾಣುವಿನ ಚಿತ್ರ ಬರೆಯುತ್ತಾರೆ: ನಡುವೆ ಬೀಜಕೇಂದ್ರ, ಸುತ್ತ ಬಳೆಗಳು, ಬಳೆಗಳ ಮೇಲೆ ಎಲೆಕ್ಟ್ರಾನುಗಳ ಚುಕ್ಕೆ. ತೋಟದ ನೀಲಿಗೂ ಪುಸ್ತಕದ ಬಳೆಗೂ ನಂಟುಂಟೆಂದು ಅವರಿಗೆ ಹೇಳುವವರು ವಿರಳ.

ಲೆಕ್ಕದ ಕಡತ

ಈ ಚಿತ್ರಕ್ಕೆ ಮೂಲ ಡೆನ್ಮಾರ್ಕಿನ ನೀಲ್ಸ್ ಬೋರ್ 1913ರಲ್ಲಿ ಮಂಡಿಸಿದ ಕಲ್ಪನೆ. ಒಳಬಳೆಯಲ್ಲಿ ಹೆಚ್ಚೆಂದರೆ 2 ಎಲೆಕ್ಟ್ರಾನು, ಎರಡನೆಯದರಲ್ಲಿ 8, ಮೂರನೆಯದರಲ್ಲಿ 18. ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮಿಗೆ 20 ಎಲೆಕ್ಟ್ರಾನು. ಅವುಗಳ ಹಂಚಿಕೆ 2, 8, 8, 2. ಹೊರಗಿನ ಎರಡನ್ನು ಅದು ಸುಲಭವಾಗಿ ಬಿಟ್ಟುಕೊಡುತ್ತದೆ. ಕ್ಯಾಲ್ಸಿಯಮ್ಮಿನ ರಾಸಾಯನಿಕ ಸ್ವಭಾವವೆಲ್ಲ ಬಹುಮಟ್ಟಿಗೆ ಈ ಎರಡು ಚುಕ್ಕೆಗಳಲ್ಲಿ ಅಡಗಿದೆ.

ಚುರುಕಾದ ಹುಡುಗಿಯೊಬ್ಬಳು ಇಲ್ಲಿ ಕೇಳಿಯಾಳು: “ಮೂರನೆಯದರಲ್ಲಿ ಇನ್ನೂ ಹತ್ತಕ್ಕೆ ಎಡೆಯಿದೆಯಲ್ಲ, ಮೇಷ್ಟ್ರೇ? ನಾಲ್ಕನೆಯದಕ್ಕೆ ಏಕೆ ಹೋಗಬೇಕು?” “ನಿಯಮ ಹಾಗಿದೆ, ಬರೆದುಕೋ” ಎಂದುಬಿಟ್ಟರೆ ರಸಾಯನಶಾಸ್ತ್ರ ಅವಳ ಪಾಲಿಗೆ ಅಂದೇ ಬಾಯಿಪಾಠವಾಗುತ್ತದೆ. ನಿಜವಾದ ಉತ್ತರ ಕಠಿಣವೇನೂ ಅಲ್ಲ. ಒಂದೊಂದು ಬಳೆಯೂ ಹಲವು ಕೋಣೆಗಳಿರುವ ಮನೆ. ಆ ಹಂತದಲ್ಲಿ ಮೂರನೆಯ ಮನೆಯ ಕೊನೆಯ ಕೋಣೆಗಿಂತ ನಾಲ್ಕನೆಯದರ ಮೊದಲ ಕೋಣೆಗೆ ಬೇಕಾಗುವ ಶಕ್ತಿ ಕಡಮೆ. ಬಳೆಗಳು ತೋರಿಸುವುದು ಶಕ್ತಿಯ ಮೆಟ್ಟಿಲುಗಳನ್ನೇ ಹೊರತು ಎಲೆಕ್ಟ್ರಾನು ಓಡಾಡುವ ದಾರಿಯನ್ನಲ್ಲ.

ಹೆಸರು ತಂದ ತೊಡಕು

ಇಲ್ಲಿ ನಮ್ಮ ಪರಿಭಾಷೆಯೂ ತುಸು ತೊಡಕು ತರುತ್ತದೆ. ‘ಕಕ್ಷೆ’ ಎಂದೊಡನೆ ಗ್ರಹಗಳು ಸುತ್ತುವ ಹಾದಿ ಕಣ್ಣಿಗೆ ಕಟ್ಟುತ್ತದೆ. ‘ಕವಚ’ ಎಂದರೆ ಕರ್ಣನ ನೆನಪು. ಎಲೆಕ್ಟ್ರಾನು ಗ್ರಹದಂತೆ ಸುತ್ತುವುದೂ ಇಲ್ಲ, ಗಟ್ಟಿ ಹೊದಿಕೆಯೂ ಅಲ್ಲ. 1926ರಲ್ಲಿ ಷ್ರೋಡಿಂಗರ್ ನೀಡಿದ ಸಮೀಕರಣದ ಬಳಿಕ ಅದು ಎಲ್ಲೆಲ್ಲಿ ಎಷ್ಟು ಸಂಭವನೀಯ ಎಂಬುದನ್ನಷ್ಟೇ ವಿಜ್ಞಾನ ಹೇಳುತ್ತದೆ. ಅಳತೆಯೂ ಪುಟದಲ್ಲಿ ಹಿಡಿಯದು. ಹೈಡ್ರೊಜನ್ನಿನ ಬೀಜಕೇಂದ್ರ ರಾಗಿಕಾಳಿನಷ್ಟಿದ್ದರೆ ಇಡೀ ಪರಮಾಣುವಿಗೆ ಸುಮಾರು ನೂರು ಮೀಟರ್ ಅಗಲದ ಬಯಲು ಬೇಕು.

ನೀಲಿಯ ಗುಟ್ಟು

ಈಗ ಮೈಲುತುತ್ತಕ್ಕೆ ಬರೋಣ. ಅದರಲ್ಲಿರುವ ತಾಮ್ರಕ್ಕೆ 29 ಎಲೆಕ್ಟ್ರಾನು: 2, 8, 18, 1. ಮೈಲುತುತ್ತವಾಗುವಾಗ ಅದು ಎರಡನ್ನು ಕಳೆದುಕೊಂಡು 2, 8, 17 ಆಗುತ್ತದೆ. ಮೂರನೆಯ ಬಳೆಯಲ್ಲಿ ಒಂದು ಸ್ಥಾನ ತೆರವು. ಸುತ್ತಲಿನ ನೀರಿನ ಅಣುಗಳ ನೆರೆಯಲ್ಲಿ ಆ ಬಳೆಯ ಎಲೆಕ್ಟ್ರಾನುಗಳು ಬಿಸಿಲಿನ ಕೆಂಪು ಭಾಗವನ್ನು ಹೀರಿ ಮೇಲಿನ ಮೆಟ್ಟಿಲೇರುತ್ತವೆ. ನಮ್ಮ ಕಣ್ಣಿಗೆ ಉಳಿಯುವುದು ನೀಲಿ. ಕಾಫಿಗೆ ಸಿಂಪಡಿಸುವ ಸತುವಿನ ಸಲ್ಫೇಟನ್ನು ನೋಡಿ. ಅಲ್ಲಿ ಸತುವು 2, 8, 18. ತೆರವಿಲ್ಲ, ಆದುದರಿಂದ ಬಣ್ಣವೂ ಇಲ್ಲ, ಪುಡಿ ಬಿಳಿ.

ಆದರೆ ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರು ಮೈಲುತುತ್ತವನ್ನು ಕಾಯಿಸಿ ತೋರಿಸಲಿ. ನೀರು ಹಾರಿದೊಡನೆ ಅದು ಬಿಳಿಚಿಕೊಳ್ಳುತ್ತದೆ. ಹನಿ ನೀರು ಬಿದ್ದರೆ ಮತ್ತೆ ನೀಲಿ. ಎಲೆಕ್ಟ್ರಾನುಗಳ ಲೆಕ್ಕ ಮಾತ್ರ ಎರಡು ಸಲವೂ 2, 8, 17! ಬಳೆಯ ಚಿತ್ರ ನಮ್ಮನ್ನು ತೆರವಾದ ಸ್ಥಾನದವರೆಗೆ ಕರೆದೊಯ್ಯುತ್ತದೆ. ಮುಂದಿನ ಹೆಜ್ಜೆಗೆ ಬೇರೆ ಚಿತ್ರ ಬೇಕು.

ಮೈಸೂರಿನಲ್ಲಿ ರಸಾಯನಶಾಸ್ತ್ರ ಬೋಧಿಸಿದ ಜೆ. ಆರ್. ಲಕ್ಷ್ಮಣರಾಯರು ‘ಪರಮಾಣು ಚರಿತ್ರೆ’ಯನ್ನೇ ಕನ್ನಡದಲ್ಲಿ ಬರೆದವರು. ಇಷ್ಟು ಮಾತನ್ನು ಕನ್ನಡದಲ್ಲಿ ಮಕ್ಕಳಿಗೆ ತಿಳಿಯಹೇಳುವುದು ಅಸಾಧ್ಯವಲ್ಲ. ಮನೆಯ ಹಿರಿಯರು ಇನ್ನು ಮುಂದೆ “ಬಳೆ ದುಂಡಗೆ ಬಂತೇ?” ಎಂದು ಕೇಳುವ ಬದಲು “ಹೊರಬಳೆಯಲ್ಲಿ ಎಷ್ಟಿದೆ, ಅದರಿಂದ ಏನಾಗುತ್ತದೆ?” ಎಂದು ಕೇಳಲಿ. ಉತ್ತರ ಹೇಳಲು ಬಲ್ಲ ಮಗುವಿನ ವೃತ್ತ ಸೊಟ್ಟಗಿದ್ದರೂ ಚಿಂತೆಯಿಲ್ಲ.