ಗೂಢ ಪದಬಂಧ: ಬಿಡಿಸುವ ಬಗೆ, ವಿವರಿಸುವ ಹೊಣೆ

ಒಗಟನ್ನು ಬಿಡಿಸುವುದು ಒಂದು ಕೆಲಸ. ಬಿಡಿಸಿದ್ದು ಸರಿಯೆಂದು ತೋರಿಸಿಕೊಡುವುದು ಇನ್ನೊಂದು. ಬೆಡಗಿನ ವಚನ, ಮುಂಡಿಗೆ, ಚಿತ್ರಕವಿತ್ವಗಳನ್ನು ಅಭ್ಯಸಿಸುವ ನಾವು ಮೊದಲನೆಯದರಲ್ಲಿ ತೋರುವ ಉತ್ಸಾಹವನ್ನು ಎರಡನೆಯದರಲ್ಲಿ ಎಷ್ಟೋ ಸಲ ತೋರುವುದಿಲ್ಲ. ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುವ ಗೂಢ ಪದಬಂಧ, ಅಂದರೆ ಕ್ರಿಪ್ಟಿಕ್ ಕ್ರಾಸ್‌ವರ್ಡ್, ಕೇವಲ ಕಾಲಹರಣದ ಆಟವೆಂದು ತೋರಿದರೂ ಈ ಎರಡನೆಯ ಕೆಲಸಕ್ಕೆ ಒಂದು ಖಚಿತವಾದ ಶಿಸ್ತನ್ನು ರೂಪಿಸಿಕೊಂಡಿದೆ. ಆ ಶಿಸ್ತಿನ ಸ್ವರೂಪವನ್ನೂ ನಮ್ಮ ಅಧ್ಯಯನಕ್ಕೆ ಅದರಿಂದ ದೊರೆಯಬಹುದಾದ ಪಾಠವನ್ನೂ ಪ್ರಸ್ತುತ ಲೇಖನದಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ.

ಪದಬಂಧದ ಹುಟ್ಟು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಪ್ರಕಟಿಸಿದ ಆಟವೇ ಅದರ ಮೂಲರೂಪ. ಅಲ್ಲಿ ಸುಳಿವೆಂದರೆ ಪದದ ನೇರವಾದ ಅರ್ಥ ಮಾತ್ರ. ಅದನ್ನು ಗೂಢವಾಗಿಸಿದವರು ಇಂಗ್ಲೆಂಡಿನವರು. 'ಟಾರ್ಕೆಮಾಡ' ಎಂಬ ಗುಪ್ತನಾಮದ ಎಡ್ವರ್ಡ್ ಪೋವಿಸ್ ಮೇದರ್ಸ್ 1920ರ ದಶಕದಲ್ಲಿ ಸುಳಿವುಗಳನ್ನೆಲ್ಲ ಪದಕ್ರೀಡೆಯಾಗಿ ಮಾರ್ಪಡಿಸಿದನು. ಮುಂದೆ 'ಅಫ್ರಿಟ್' ಮತ್ತು 'ಜಿಮಿನೀಸ್' ಎಂಬ ಗುಪ್ತನಾಮದ ರಚನಕಾರರು ಈ ಆಟಕ್ಕೆ ನ್ಯಾಯದ ನಿಯಮಗಳನ್ನು ವಿಧಿಸಿದರು. ಸುಳಿವು ಮೇಲ್ನೋಟಕ್ಕೆ ಏನನ್ನೇ ತೋರಲಿ, ಉದ್ದೇಶಿಸಿದ ಅರ್ಥ ಅದರ ಮಾತುಗಳಲ್ಲಿ ಇದ್ದೇ ಇರಬೇಕೆಂಬುದು ಅಫ್ರಿಟ್‌ನ 1949ರ ಪುಸ್ತಕದ ತಿರುಳು. ಸುಳಿವಿನಲ್ಲಿ ಅಗತ್ಯವಾದುದರ ಹೊರತು ಬೇರೇನೂ ಇರಬಾರದೆಂದು ಜಿಮಿನೀಸ್ 1966ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಚೆನ್ನೈ, ಹೈದರಾಬಾದುಗಳಲ್ಲಿರುವ ನಮ್ಮ ಓದುಗರಲ್ಲಿ ಹಲವರಿಗೆ 'ದಿ ಹಿಂದೂ' ಪತ್ರಿಕೆಯಲ್ಲಿ 1971ರಿಂದ ಬರುತ್ತಿರುವ ಪದಬಂಧದ ಮೂಲಕ ಈ ಸಂಪ್ರದಾಯ ಪರಿಚಿತವಾಗಿಯೇ ಇದೆ.

ಗೂಢ ಸುಳಿವಿಗೆ ಸಾಮಾನ್ಯವಾಗಿ ಎರಡು ಭಾಗ. ಒಂದು, ಉತ್ತರದ ಅರ್ಥಸೂಚನೆ. ಇದು ವಾಕ್ಯದ ಆದಿಯಲ್ಲೋ ಅಂತ್ಯದಲ್ಲೋ ಇರುತ್ತದೆ. ಇನ್ನೊಂದು, ಉತ್ತರದ ಅಕ್ಷರಗಳನ್ನು ಕಟ್ಟಿಕೊಡುವ ಪದಕ್ರೀಡೆ. ಎರಡೂ ಕೂಡಿ ಒಂದು ಸಹಜವಾದ ವಾಕ್ಯದಂತೆ ತೋರುವುದರಿಂದ ಓದುಗನು ದಾರಿ ತಪ್ಪುತ್ತಾನೆ. ಆದುದರಿಂದ ಬಿಡಿಸುವವನ ಮೊದಲ ಕೆಲಸವೆಂದರೆ ವಾಕ್ಯದ ಮೇಲ್ಪದರದ ಅರ್ಥವನ್ನು ಮರೆತು, ಅದನ್ನು ಎಲ್ಲಿ ಒಡೆಯಬೇಕೆಂಬುದನ್ನು ಗುರುತಿಸುವುದು. ವಿವರಣೆಗಾಗಿ ಕನ್ನಡದಲ್ಲಿಯೇ ನಾಲ್ಕು ಸುಳಿವುಗಳನ್ನು ರಚಿಸಿ ನೋಡೋಣ. ಆವರಣದ ಅಂಕಿ ಉತ್ತರದ ಅಕ್ಷರಸಂಖ್ಯೆಯನ್ನು ತಿಳಿಸುತ್ತದೆ.

1. ಕಡಲಲ್ಲಿ ಏಳುವುದು, ರಂಗದಲ್ಲಿ ಬೀಳುವುದು (2). ಇಲ್ಲಿ ಎರಡೂ ಭಾಗಗಳು ಅರ್ಥಸೂಚನೆಗಳೇ. 'ಅಲೆ' ಎಂದರೆ ಅಕ್ಷರಸಂಖ್ಯೆ ಕೂಡುತ್ತದೆ, ಮೊದಲ ಭಾಗವೂ ಕೂಡುತ್ತದೆ, ಎರಡನೆಯದು ಕೂಡುವುದಿಲ್ಲ. 'ಪರದೆ' ಎಂದರೆ ಎರಡನೆಯದು ಮಾತ್ರ. ಎರಡಕ್ಕೂ ಒದಗುವುದು 'ತೆರೆ'.

2. ಕಂದ ಸರಾಗವಾದರೆ ಒಳಗೆ ಮೈಸೂರಿನ ಹಬ್ಬ (3). ಛಂದಸ್ಸನ್ನು ಬಲ್ಲವರು ಕಂದಪದ್ಯದ ಓಟವನ್ನು ನೆನೆದು ಮೋಸಹೋಗುತ್ತಾರೆ. 'ಒಳಗೆ' ಎಂಬುದು ಸೂಚಕ. ಮೊದಲೆರಡು ಪದಗಳನ್ನು ಬಿಡುವಿಲ್ಲದೆ ಓದಿದರೆ ನಡುವೆ 'ದಸರಾ' ಅಡಗಿದೆ.

3. ನದಿ ತಿರುಗಿ ಹರಿದರೆ ವಾರದ ಏಳರಲ್ಲೊಂದು (2). 'ನದಿ'ಯ ಅಕ್ಷರಗಳನ್ನು ತಿರುಗಿಸಿದರೆ 'ದಿನ'.

4. ಶಿರ ವಿಕ್ರಯಿಸು, ಪೀಳಿಗೆ ಸಿಗುವುದು (4). ತಲೆ ಮತ್ತು ಮಾರು ಕೂಡಿ 'ತಲೆಮಾರು'.

ಇಂಗ್ಲಿಷಿನ ಆಟವನ್ನು ಕನ್ನಡಕ್ಕೆ ತರುವಾಗ ಎರಡು ಭಾಷಿಕ ಸಂಗತಿಗಳು ಎದುರಾಗುತ್ತವೆ. ಮೊದಲನೆಯದು ಅಕ್ಷರದ ಕಲ್ಪನೆ. ಇಂಗ್ಲಿಷಿನಲ್ಲಿ ಸ್ವರವ್ಯಂಜನಗಳು ಬಿಡಿಬಿಡಿಯಾಗಿ ಚಲಿಸುವುದರಿಂದ, ಕಿವಿಗೊಡು ಎಂಬರ್ಥದ 'ಲಿಸನ್' ಪದದ ಆರು ಅಕ್ಷರಗಳನ್ನು ಕಲಕಿದರೆ ಮೌನವೆಂಬರ್ಥದ 'ಸೈಲೆಂಟ್' ದೊರೆಯುತ್ತದೆ. ಕನ್ನಡದಲ್ಲಿ ವ್ಯಂಜನವು ತನ್ನ ಸ್ವರವನ್ನು ಹೊತ್ತೇ ಸಾಗುತ್ತದೆ. 'ವಿಕಟಕವಿ' ಎಂಬುದು ಹಿಂದುಮುಂದಾಗಿ ಒಂದೇ ಆಗಿರುವುದು ಈ ಕಾರಣದಿಂದಲೇ. ಹೀಗಾಗಿ ಇಲ್ಲಿ ಕಲಕುವ ಅವಕಾಶ ಕಡಿಮೆ. ಎರಡನೆಯದು ವಿಭಕ್ತಿ. ಇಂಗ್ಲಿಷಿನಲ್ಲಿ ನಾಮಪದವೂ ಕ್ರಿಯಾಪದವೂ ಒಂದೇ ವೇಷದಲ್ಲಿ ನಿಲ್ಲಬಲ್ಲವು. ಕನ್ನಡದಲ್ಲಿ ಪ್ರತ್ಯಯವು ಗುಟ್ಟನ್ನು ಹೊರಗೆಡಹುತ್ತದೆ. ನಾಲ್ಕನೆಯ ಸುಳಿವಿನಲ್ಲಿ 'ಶಿರವನ್ನು' ಎಂದು ಬರೆದಿದ್ದರೆ, ಆ ದ್ವಿತೀಯಾ ಪ್ರತ್ಯಯಕ್ಕೆ ಉತ್ತರದಲ್ಲಿ ಸ್ಥಾನವಿಲ್ಲದೆ ಸುಳಿವು ದೋಷಯುಕ್ತವಾಗುತ್ತಿತ್ತು. ನಮ್ಮ ಪತ್ರಿಕೆಗಳ ಪದಬಂಧಗಳು ಬಹುಮಟ್ಟಿಗೆ ನೇರವಾದ ಅರ್ಥವನ್ನೇ ಆಶ್ರಯಿಸಿರುವುದಕ್ಕೆ ಇವೂ ಕಾರಣಗಳಿರಬಹುದು.

ಹಾಗೆಂದು ಈ ಕಲೆ ನಮಗೆ ಹೊಸದಲ್ಲ. 'ಕವಿರಾಜಮಾರ್ಗ'ಕ್ಕೆ ಮುಖ್ಯ ಆಕರವಾದ 'ಕಾವ್ಯಾದರ್ಶ'ದ ಮೂರನೆಯ ಪರಿಚ್ಛೇದದಲ್ಲಿ ದಂಡಿಯು ಹದಿನಾರು ಬಗೆಯ ಪ್ರಹೇಲಿಕೆಗಳನ್ನು ವಿವರಿಸಿದ್ದಾನೆ. ಗೋಷ್ಠಿಯ ವಿನೋದಕ್ಕೂ, ಜನರ ನಡುವೆ ಗುಟ್ಟಿನ ಮಾತಿಗೂ, ಪರರನ್ನು ಬೆರಗುಗೊಳಿಸುವುದಕ್ಕೂ ಅವು ಒದಗುತ್ತವೆಂಬುದು ಅವನ ಅಭಿಪ್ರಾಯ. ಪದಸಂಧಿಯಿಂದ ಅರ್ಥ ಮರೆಯಾಗುವುದು 'ಸಮಾಗತಾ'. ನಮ್ಮ 'ದಸರಾ' ಅದಕ್ಕೆ ದೂರದ ನೆಂಟ. ಬೇರೆ ಅರ್ಥದಲ್ಲಿ ರೂಢವಾದ ಶಬ್ದದಿಂದ ವಂಚಿಸುವುದು 'ವಂಚಿತಾ'. ಇಂಗ್ಲಿಷ್ ಸುಳಿವಿನಲ್ಲಿ ಹೂವೆಂದು ತೋರುವ 'ಫ್ಲವರ್' ಪದವನ್ನು ಹರಿಯುವಂಥದು ಎಂದು ಒಡೆದು, ನದಿಯೆಂದು ತಿಳಿಯಬೇಕಾಗುವ ತಂತ್ರ ಇದೇ ಜಾತಿಯದು. ವ್ಯತ್ಯಾಸವಿರುವುದು ಬೇರೆಡೆ. ಪ್ರಹೇಲಿಕೆಗೆ ಸಾಮಾನ್ಯವಾಗಿ ಒಂದೇ ದಾರಿ. ಗೂಢ ಸುಳಿವಿಗೆ ಒಂದನ್ನೊಂದು ಅವಲಂಬಿಸದ ಎರಡು ದಾರಿಗಳು. ಎರಡೂ ಒಂದೇ ಪದದಲ್ಲಿ ಸಂಧಿಸಿದಾಗ, ಹೊರಗಿನವರು ಯಾರೂ ಹೇಳದೆಯೇ, ಉತ್ತರ ಸರಿಯೆಂಬ ನಿಶ್ಚಯ ಉಂಟಾಗುತ್ತದೆ. ಇದರ ಮೇಲೆ ಚೌಕದ ಕಟ್ಟು ಮೂರನೆಯ ಸಾಕ್ಷಿ: ಅಡ್ಡ ಪದದ ಅಕ್ಷರ ನೆಟ್ಟ ಪದಕ್ಕೂ ಸಲ್ಲಬೇಕು.

ಗ್ರಂಥಸಂಪಾದಕನಿಗೂ ಇಂಥ ಸಾಕ್ಷಿಗಳುಂಟು. ಕಂದಪದ್ಯದ ತ್ರುಟಿತ ಭಾಗವನ್ನು ತುಂಬುವಾಗ ಅರ್ಥ, ದ್ವಿತೀಯಾಕ್ಷರ ಪ್ರಾಸ, ಮಾತ್ರಾಗಣ ಈ ಮೂರೂ ಒಪ್ಪಬೇಕು. ಹಿಂದೊಮ್ಮೆ ಈ ಲೇಖಕನು ಓಲೆಯೊಂದರಲ್ಲಿ ಹುಳು ತಿಂದ ಎಡೆಗೆ ಒಂದು ಪದವನ್ನು ಊಹಿಸಿ, ಅರ್ಥವೂ ಪ್ರಾಸವೂ ಕೂಡಿದುವೆಂದು ಹಿಗ್ಗಿ, ತರಗತಿಯಲ್ಲಿ ಅದನ್ನೇ ಪಾಠವೆಂದು ಬೋಧಿಸಿದ್ದುಂಟು. ಪ್ರಸ್ತಾರ ಹಾಕುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಆ ಗಣದಲ್ಲಿ ನಾಲ್ಕಲ್ಲ, ಐದು ಮಾತ್ರೆಗಳಿವೆಯೆಂದು ಮೆಲ್ಲನೆ ತಿಳಿಸಿದಳು. ಒಂದು ಮಾತ್ರೆ ಉಳಿದಿತ್ತು. ಆದುದರಿಂದ ಒಗಟು ಬಿಡಿಸಿರಲಿಲ್ಲ.

ಬೆಡಗಿನ ವಚನಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಅಲ್ಲಮನ ಬೆಡಗಾಗಲಿ ಕನಕದಾಸರ ಮುಂಡಿಗೆಯಾಗಲಿ ಪದಬಂಧವಲ್ಲ. ಅವುಗಳ ಕೀಲಿ ಬರಿಯ ಭಾಷೆಯಲ್ಲಿಲ್ಲ, ಸಾಧನೆಯ ಸಂಪ್ರದಾಯದಲ್ಲಿಯೂ ಇದೆ. ಉತ್ತರ ದೊರೆತೊಡನೆ ಬರಿದಾಗುವ ಮಾತುಗಳೂ ಅವಲ್ಲ. ಅಲ್ಲಿ ಒಂದೇ ಉತ್ತರವನ್ನು ಬಯಸುವುದೇ ತಪ್ಪಾದೀತು. ಆದರೆ ವ್ಯಾಖ್ಯಾನಕಾರನ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಹತ್ತು ಪ್ರತಿಮೆಗಳಿರುವ ವಚನದಲ್ಲಿ ಏಳಕ್ಕೆ ತತ್ತ್ವಾರ್ಥವನ್ನು ಹೊಂದಿಸಿ, ಉಳಿದ ಮೂರನ್ನು ಮೌನವಾಗಿ ದಾಟಿ, ಪೂರ್ಣ ವ್ಯಾಖ್ಯಾನವೆಂದು ಕರೆಯುವ ರೂಢಿ ನಮ್ಮಲ್ಲಿದೆ. ಪದಬಂಧದ ಶಿಸ್ತು ಇದನ್ನು ಒಪ್ಪದು.

ಊರಿನಿಂದ ದೂರದಲ್ಲಿ, ಕೈಗೆ ಸಿಕ್ಕ ಒಂದೇ ಮುದ್ರಿತ ಪ್ರತಿಯನ್ನು ಮುಂದಿಟ್ಟುಕೊಂಡು, ಚರ್ಚಿಸಲು ಸಹಪಾಠಿಗಳೂ ಇಲ್ಲದೆ ಸಂಶೋಧನೆ ನಡೆಸುವವರಿಗೆ ಈ ಶಿಸ್ತು ವಿಶೇಷವಾಗಿ ಉಪಯುಕ್ತ. ತಿದ್ದುವವರು ಪಕ್ಕದಲ್ಲಿಲ್ಲದಿದ್ದಾಗ ಪಠ್ಯದ ಮಾತುಗಳೇ ತಿದ್ದಬೇಕು. ನನ್ನ ಅರ್ಥಕ್ಕೆ ಎರಡನೆಯ ದಾರಿ ಯಾವುದು, ಲೆಕ್ಕಕ್ಕೆ ಬಾರದೆ ಉಳಿದ ಪದ ಯಾವುದು ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ವ್ಯಾಖ್ಯಾನದ ಕೊನೆಯಲ್ಲಿ ಕೇಳಿಕೊಂಡು, ಉಳಿದುದನ್ನು ಉಳಿದಿದೆಯೆಂದೇ ಬರೆದಿಟ್ಟರೆ, ಮುಂದೆ ಬರುವ ಓದುಗನು ಅಲ್ಲಿಂದ ಆರಂಭಿಸಬಲ್ಲನು.